ಒಗೆಯುವ ಕಲ್ಲಿನ ಪಕ್ಕದ ಇಂಜಿನ್

ನನ್ನ ತಮ್ಮ ಬೈರೇಶನ ಮೇಲಿನ ಕೋಪ ನನಗೆ ಇನ್ನೂ ಇಳಿದಿಲ್ಲ. ಆಯುಧಪೂಜೆಯ ದಿನ ಅಪ್ಪನ ಕಾರಿನ ಇಂಜಿನ್ ಮುರಿದು ಹಾಕಿದನಲ್ಲ, ಅದನ್ನಾದರೂ ಸಹಿಸಿಕೊಂಡೇನು. ಮುರಿದ ಮೇಲೆ "ಹಳೇ ಇಂಜಿನ್ ಅಕ್ಕ, ತಾನಾಗೇ ಹೋಯ್ತು" ಎಂದು ತಣ್ಣಗೆ ಹೇಳಿದನಲ್ಲ, ಅದು ನೆನಪಾದರೆ ಈಗಲೂ ಮೈ ಉರಿಯುತ್ತದೆ.

ಕಾರು ಎಂದರೆ ಅವನು ವಿಮಾನ ನಿಲ್ದಾಣಕ್ಕೆ ಬಿಡುವ ಬಿಳಿ ಕ್ಯಾಬುಗಳಂಥದ್ದಲ್ಲ. ಇಂಗ್ಲೆಂಡಿನಲ್ಲಿ ತಯಾರಾದ, ಎರಡೇ ಸೀಟಿನ, ಬಟ್ಟೆ ಟಾಪಿನ ಕೆಂಪು ಸ್ಪೋರ್ಟ್ಸ್ ಕಾರು. ಅಪ್ಪ ರಾಮಾಂಜಿನಪ್ಪ ವಯಸ್ಸಿನಲ್ಲಿದ್ದಾಗ ದ್ರಾಕ್ಷಿ ತೋಟದ ಸಾಹುಕಾರರೊಬ್ಬರಿಗೆ ಡ್ರೈವರಾಗಿದ್ದರು. ತೋಟ ಮಾರಿ ಹೋಗುವಾಗ ಅವರು, ಕೆಟ್ಟು ನಿಂತಿದ್ದ ಈ ಗಾಡಿಯನ್ನು ಅಪ್ಪನಿಗೇ ಬಿಟ್ಟರು. ಕುಂದಾಣದ ನಮ್ಮ ದನದ ಕೊಟ್ಟಿಗೆಯಲ್ಲಿ ಕೂತು ಅಪ್ಪ ಅದರ ಇಂಜಿನ್ ಪೂರ್ತಿ ಬಿಚ್ಚಿ, ಒಂದೊಂದೇ ಸಾಮಾನನ್ನು ಸೀಮೆಎಣ್ಣೆಯಲ್ಲಿ ತೊಳೆದು ಮತ್ತೆ ಜೋಡಿಸಿದ್ದರು. ದೀಪ ಹಿಡಿದುಕೊಂಡು ನಿಂತಿದ್ದವಳು ನಾನು. ಬೈರೇಶ ಇನ್ನೂ ಹುಟ್ಟಿರಲಿಲ್ಲ.

ವರ್ಷವಿಡೀ ಆ ಕಾರು ಕೊಟ್ಟಿಗೆಯಲ್ಲೇ ಇರುತ್ತದೆ. ನವರಾತ್ರಿ ಶುರುವಾದ ದಿನ ಅಪ್ಪ ಇಂಜಿನ್ನಿನ ಪ್ಲಗ್ಗುಗಳನ್ನು ಬಿಚ್ಚಿ ಆ ತೂತುಗಳಿಗೆ ಎಣ್ಣೆ ಬಿಡುತ್ತಾರೆ. ಆಮೇಲೆ ದಿನಾ ಬೆಳಿಗ್ಗೆ ಮುಂದಿನಿಂದ ಹ್ಯಾಂಡಲ್ ಹಾಕಿ, ಮಲಗಿದ ಮಗುವಿನ ಮಗ್ಗುಲು ಬದಲಿಸುವಷ್ಟು ಮೆಲ್ಲಗೆ ತಿರುಗಿಸುತ್ತಾರೆ. ಇಂಜಿನ್ ಸಡಿಲವಾದ ಮೇಲೆಯೇ ಸ್ಟಾರ್ಟು. ಆಯುಧಪೂಜೆಯ ದಿನ ಅದು ತಾನೇ ಗುಡುಗುಡು ಎಂದು ನಿಂಬೆಹಣ್ಣಿನ ಮೇಲೆ ಹತ್ತಿಳಿಯಬೇಕು.

ಈ ಸಲ ಅಪ್ಪ ಕಣ್ಣಿನ ಪೊರೆ ತೆಗೆಸಿಕೊಂಡು ದೇವನಹಳ್ಳಿಯ ನನ್ನ ಮನೆಯಲ್ಲಿದ್ದರು. ಊರಲ್ಲಿ ಎಣ್ಣೆ ಬಿಡುವವರಿರಲಿಲ್ಲ. ಬೈರೇಶ ತನ್ನ ಕ್ಯಾಬುಗಳ ಸಾಲಿಗೆ ಈ ಕಾರನ್ನೂ ನಿಲ್ಲಿಸಿ, ಕುಂಕುಮ ಹಚ್ಚಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟ. ಎಣ್ಣೆ ಕಾಣದ ಇಂಜಿನ್ ಬಿಗಿದುಕೊಂಡಿತ್ತು, ಹ್ಯಾಂಡಲ್ ಅಲುಗಲಿಲ್ಲ. ಇಟ್ಟ ನಿಂಬೆಹಣ್ಣನ್ನು ವಾಪಸ್ಸು ತೆಗೆದರೆ ಅಪಶಕುನವಂತೆ. ಸರಿ, ನ್ಯೂಟ್ರಲ್ಲಿಗೆ ಹಾಕಿ ನಾಲ್ಕು ಜನ ತಳ್ಳಿದ್ದರೆ ನಿಂಬೆಹಣ್ಣು ಒಡೆಯುತ್ತಿರಲಿಲ್ಲವೇ? ಇಲ್ಲ, ಇಂಜಿನ್ ಓಡಿದರೇನೇ ಶಾಸ್ತ್ರವಂತೆ! ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ, ಕಾರನ್ನು ಗೇರಿಗೆ ಹಾಕಿ ಎಳೆಸಿದ. ಒಳಗಿನ ರಾಡು ಮುರಿದು, ಇಂಜಿನ್ನಿನ ಪಕ್ಕೆಯನ್ನೇ ಒಡೆದುಕೊಂಡು ಹೊರಗೆ ಬಂತು. ನಿಂಬೆಹಣ್ಣು ಮಾತ್ರ ಚೆನ್ನಾಗಿ ಒಡೆದಿತ್ತು.

ಮೆಕ್ಯಾನಿಕ್ ಗೋವಿಂದರಾಜು ತನ್ನ ಗ್ಯಾರೇಜಿನಲ್ಲಿ ಇಂಜಿನ್ ಇಳಿಸಿ ತೋರಿಸಿದ. "ರಿಪೇರಿ ಆಯ್ತದೆ ಅಕ್ಕಾ. ಬ್ಲಾಕಿಗೆ ವೆಲ್ಡಿಂಗ್ ಮಾಡಿಸ್ಬೇಕು, ರಾಡು ಪಿಸ್ಟನ್ನು ಹೊರಗಡೆಯಿಂದ ತರಿಸ್ಬೇಕು. ಯುಗಾದಿ ಆದ್ರೂ ಆಗ್ಬೋದು. ಬ್ಯಾಡಾಂದ್ರೆ ಹಳೇ ವ್ಯಾನಿನ ಇಂಜಿನ್ ಐತೆ, ಕೂರಿಸ್ಬಿಡ್ತೀನಿ. ನೀವು ಹೆಂಗ್ ಹೇಳಿದ್ರೆ ಹಂಗೆ."

"ಕೂರಿಸ್ಬಿಡು ಗುರು," ಅಂದ ಬೈರೇಶ, ನನ್ನ ಮುಖವನ್ನೂ ನೋಡದೆ. "ಕೀ ತಿರುಗಿಸಿದ್ರೆ ಸ್ಟಾರ್ಟ್ ಆಗುತ್ತೆ. ಆ ಹ್ಯಾಂಡಲ್ ಕಾಟಾನೂ ತಪ್ಪುತ್ತೆ."

"ಲೋ, ಅಪ್ಪನ್ನ ಕೇಳ್ದೇನೋ?"

"ಕಣ್ಣಿಗೆ ಆಪರೇಷನ್ ಆಗಿರೋರ್ಗೆ ಟೆನ್ಷನ್ ಕೊಡ್ತೀಯಾ? ಬಾನೆಟ್ ಮುಚ್ಚಿದ್ಮೇಲೆ ಅವ್ರಿಗೇನ್ ಗೊತ್ತಾಗುತ್ತೆ, ಸುಮ್ಕಿರಕ್ಕ."

ಟೊಮೇಟೊ ಕ್ರೇಟು ಹೊತ್ತು ಸವೆದ ಇಂಜಿನ್ನನ್ನು ಅಪ್ಪನ ಕಾರಿಗೆ ತುರುಕುವುದಂತೆ, ಅಪ್ಪನಿಗೆ ಗೊತ್ತೇ ಆಗುವುದಿಲ್ಲವಂತೆ! ಬಾಯಿಗೆ ಬಂದಂತೆ ಬೈದೆ. ಆದರೆ ಎರಡನೇ ಕಣ್ಣಿನ ಆಪರೇಷನ್ ಬಾಕಿಯಿತ್ತು, ಬಿ.ಪಿ. ಏರಬಾರದೆಂದು ಡಾಕ್ಟರು ಹೇಳಿದ್ದರು. ಅಲ್ಲಿಗೆ ನನ್ನ ಬಾಯಿ ಕಟ್ಟಿಹೋಯಿತು. ಹಳೆಯದನ್ನು ಗುಜರಿಗೆ ಹಾಕಲು ಮಾತ್ರ ನಾನು ಬಿಡಲಿಲ್ಲ. ಲಗೇಜ್ ಆಟೋದಲ್ಲಿ ಹೇರಿಸಿ ತಂದು, ನನ್ನ ಮನೆಯ ಹಿತ್ತಲಲ್ಲಿ ಒಗೆಯುವ ಕಲ್ಲಿನ ಪಕ್ಕ ಇಳಿಸಿ, ಗೋಣಿಚೀಲ ಹೊದಿಸಿದೆ.

ಅಪ್ಪ ದಿನಾ ಗೋಡೆ ಹಿಡಿದುಕೊಂಡು ಆ ಕಡೆಗೇ ಕೈಕಾಲು ತೊಳೆಯಲು ಹೋಗುತ್ತಿದ್ದರು. "ಹುಷಾರಪ್ಪ, ಅಲ್ಲಿ ಹಳೇ ಒರಳಿದೆ, ಎಡವ್ತೀಯ" ಎಂದು ಕೂಗಿ ಹೇಳುತ್ತಿದ್ದೆ. ಬೈರೇಶನ ದೆಸೆಯಿಂದ ನಾನೂ ಸುಳ್ಳು ಹೇಳುವಂತಾಯಿತಲ್ಲ ಎಂದು ಅವನನ್ನು ಮನಸ್ಸಿನಲ್ಲೇ ಶಪಿಸುತ್ತಿದ್ದೆ.

ಎರಡನೇ ಕಣ್ಣೂ ಮುಗಿಯಿತು. ಅಪ್ಪ ಕಪ್ಪು ಕನ್ನಡಕ ಹಾಕಿಕೊಂಡು ಜಗಲಿಯ ಮೇಲೆ ಕೂತಿದ್ದಾಗ ಬೈರೇಶ ಆ ಕಾರಿನಲ್ಲೇ ಬಂದ, ಮದುವೆ ಗಂಡಿನ ಗತ್ತಿನಲ್ಲಿ.

ಸದ್ದು ಕೇಳಿ ಅಪ್ಪ ಕತ್ತು ತಿರುಗಿಸಿದರು. "ಯಾರೋ ಬಂದ್ರು ನೋಡಮ್ಮ ಜ್ಯೋತಿ, ಕಾಫಿಗಿಡು."

"ಅಪ್ಪ, ನಾನು! ನಿನ್ನ ಕಾರೇ ತಂದಿದೀನಿ!"

ಅಪ್ಪ ಮೆಲ್ಲಗೆ ಇಳಿದು ಬಂದು ಬಾನೆಟ್ಟಿನ ಮೇಲೆ ಅಂಗೈ ಇಟ್ಟರು. "ಇದಲ್ಲ ಕಣೋ."

"ಸರ್ವೀಸ್ ಮಾಡ್ಸಿದೀನಿ ಅಪ್ಪ, ಅದ್ಕೇ ಸೌಂಡು..."

"ಆಪರೇಷನ್ ಆಗಿರೋದು ಕಣ್ಣಿಗೆ. ಕಿವಿಗಲ್ಲ."

ನನಗೆ ತಡೆಯಲಾಗಲಿಲ್ಲ. ಇಷ್ಟು ದಿನ ನುಂಗಿಕೊಂಡಿದ್ದೆಲ್ಲ ಒಮ್ಮೆಲೇ ಉಕ್ಕಿ ಬಂತು. "ನಾನು ಹೇಳ್ತೀನಿ ಕೇಳಪ್ಪ, ಈ ನಿನ್ನ ಮಗ ಏನ್ ಮಾಡ್ದ ಗೊತ್ತಾ..."

ಅಪ್ಪ ಕೈಯೆತ್ತಿ ತಡೆದರು. "ನೀನೇನು ಹೇಳ್ತೀಯಮ್ಮ? ನಿನ್ನ ಒರಳಿಗೆ ಪಕ್ಕೇಲಿ ನನ್ನ ಮುಷ್ಟಿ ತೂರೋವಷ್ಟು ತೂತು. ದಿನಾ ಮುಟ್ಟಿ ನೋಡ್ಕೊಂಡು ಬರ್ತಿದ್ದೆ. ಇವತ್ತು ಹೇಳ್ತಾಳೆ, ನಾಳೆ ಹೇಳ್ತಾಳೆ ಅಂತ ಕಾಯ್ದೆ. ಕೆಟ್ಟಿರೋ ಇಂಜಿನ್ ಸರಿ ಮಾಡ್ಬೋದು. ನಾನೇ ಕೆಟ್ಟೋದೆ ಅಂತ ಇಬ್ರೂ ಸೇರ್ಕೊಂಡು ತೀರ್ಮಾನ ಮಾಡ್ಬಿಟ್ರಲ್ಲ!"



"ಈ ವ್ಯಾನಿಂದು ಬಿಚ್ಚಿಸು," ಎಂದರು ಅಪ್ಪ, ಬೈರೇಶನಿಗೆ. "ಯುಗಾದಿ ಆಗ್ಲಿ, ಮುಂದಿನ ಆಯುಧಪೂಜೆ ಆಗ್ಲಿ, ನನ್ನ ಇಂಜಿನ್ ನನ್ನ ಮುಂದೇನೇ ಕಟ್ಬೇಕು." ಆಮೇಲೆ ನನ್ನ ಕಡೆ ತಿರುಗಿದರು. "ನೀನು ಕಾಫಿ ತಗೊಂಬಾ. ಬಂದೋರು ಕುಡ್ಕೊಂಡು ಹೋಗ್ಲಿ."

ಮೂರು ಲೋಟ ತಂದಿಟ್ಟೆ. ಅಪ್ಪ ತಮ್ಮದನ್ನು ಮುಟ್ಟದೆ, ಗೋಡೆಯನ್ನೂ ಹಿಡಿಯದೆ, ನೆಟ್ಟಗೆ ಹಿತ್ತಲಿಗೆ ನಡೆದರು.