ಹಾಡಿಗೆ ಮರಳುವ ಸನ್ನೆ

ನಾದಿನಿ ಎರಡನೆಯ ಸಲ ಕಾಲು ಕುಟ್ಟಿದಳು. ಪಿಯಾನೊದ ಮುಂದೆ ಕಣ್ಣು ಮುಚ್ಚಿ ಕೂತಿದ್ದ ಅತ್ತಿಗೆ ಹಾಡಿಗೆ ಮರಳಲಿಲ್ಲ. ಅವಳ ಎಡಗೈ ತನ್ನ ಪಾಡಿಗೆ ತಾನು ಅಲೆಯುತ್ತಲೇ ಇತ್ತು. ಮೂರನೆಯ ಸಲಕ್ಕೆ ನಾದಿನಿ ಸೆಲ್ಲೊದ ತಂತಿಗಳ ಮೇಲಿಂದ ಕಮಾನು ಎತ್ತಿಬಿಟ್ಟಳು. ಸಂಜೆ ಕಾರ್ಯಕ್ರಮ, ಮಧ್ಯಾಹ್ನದ ಅಭ್ಯಾಸವೇ ಹೀಗೆ.

ಎಂಟು ವರ್ಷದಿಂದ ಅವರು ನುಡಿಸುವ ಕ್ರಮ ಒಂದೇ. ಮೊದಲು ಹಾಳೆಯಲ್ಲಿ ಬರೆದಿಟ್ಟ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ, ಅದರೊಳಗಿಂದ ದೋಣಿಯವರ ಹಳೆಯದೊಂದು ಹಾಡು, ಆಮೇಲೆ ಇಬ್ಬರಿಗೂ ಗೊತ್ತಿಲ್ಲದ ದಾರಿ. ಆ ದಾರಿಯಲ್ಲಿ ಅತ್ತಿಗೆ ಕಳೆದೇಹೋಗುವವಳು. ಸಾಕು ಅನ್ನಿಸಿದಾಗ ನಾದಿನಿ ಮೆಲ್ಲಗೆ ‘ಅತ್ತಿಗೆ’ ಅನ್ನಬೇಕು. ಅಂದ ಕೂಡಲೇ ಎರಡೂ ವಾದ್ಯಗಳು ದೋಣಿ ಹಾಡಿಗೆ ಮರಳುತ್ತಿದ್ದವು. ಹೀಗೆಂದು ಯಾರೂ ಗೊತ್ತುಮಾಡಿರಲಿಲ್ಲ. ಮೊದಲ ವರ್ಷ ಗಾಬರಿಯಲ್ಲಿ ಒಮ್ಮೆ ಕರೆದದ್ದು ಹಾಗೇ ಉಳಿದುಕೊಂಡಿತ್ತು.

ಕಳೆದ ವಾರ ಅಣ್ಣನೂ ಅತ್ತಿಗೆಯೂ ಕಾಗದಕ್ಕೆ ಸಹಿ ಹಾಕಿ ಬೇರೆಯಾಗಿದ್ದರು. ಜಗಳವೇನೂ ಇರಲಿಲ್ಲ, ಮಾತು ತೀರಿಹೋಗಿತ್ತು ಅಷ್ಟೆ. ಅಂದಿನಿಂದ ನಾದಿನಿಗೆ ಆ ಪದ ಬಾಯಿಯವರೆಗೆ ಬಂದು ಹಿಂದಕ್ಕೆ ಹೋಗುತ್ತಿತ್ತು. ಹೆಸರು ಹಿಡಿದು ಕರೆಯಲು ನಾಲಿಗೆ ಏಳದು. ಅಕ್ಕ ಅನ್ನೋಣವೆಂದರೆ ಬಸ್ಸಿನಲ್ಲಿ ಗುರುತಿಲ್ಲದವಳನ್ನು ಸ್ವಲ್ಪ ಸರಿಯಿರಿ ಎಂದು ಕೇಳಿದಂತಾಗುತ್ತದೆ. ‘ಇಲ್ನೋಡಿ’, ‘ಕೇಳಿಸ್ತಾ’ ಎನ್ನುತ್ತ ಒಂದು ವಾರ ದೂಡಿದ್ದಳು. ಕಾಲು ಕುಟ್ಟುವ ಉಪಾಯವೂ ಅವಳದೇ. ಕರೆಯಲು ಹೆಸರಿಲ್ಲದ ಮೇಲೆ ಇವಳು ತನ್ನ ಜೊತೆ ಇನ್ನೆಷ್ಟು ದಿನ ನುಡಿಸಿಯಾಳು ಎಂಬ ಭಯವನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ.

ಸಂಜೆ ಸಭಾಂಗಣದ ವ್ಯವಸ್ಥಾಪಕರು ಚೀಟಿ ಹಿಡಿದು ಬಂದರು. ಎಂದಿನಂತೆ ಅತ್ತಿಗೆ-ನಾದಿನಿ ಜೋಡಿ ಎಂದೇ ಪರಿಚಯಿಸಲೇ ಎಂದು ಕೇಳಿದರು. ಅವಳನ್ನೇ ಕೇಳಿ ಅಂದಳು ಅತ್ತಿಗೆ. ಕಮಾನಿಗೆ ರಾಳ ಉಜ್ಜುತ್ತಿದ್ದ ನಾದಿನಿ ಮುಖ ಎತ್ತದೆ, ಬರೀ ಸೆಲ್ಲೊ, ಪಿಯಾನೊ ಅಂದರೆ ಸಾಕು ಎಂದಳು. ಅತ್ತಿಗೆ ಆಗಷ್ಟೇ ಒರೆಸಿದ್ದ ಕನ್ನಡಕವನ್ನು ಮತ್ತೆ ಒರೆಸಿದಳು.

ಬರೆದಿಟ್ಟ ಭಾಗ ಸುಸೂತ್ರವಾಗಿ ಮುಗಿಯಿತು. ದೋಣಿ ಹಾಡಿಗೆ ಮುಂದಿನ ಸಾಲಿನಲ್ಲೊಬ್ಬರು ತಲೆದೂಗಿದರು. ಆಮೇಲೆ ಅಲೆದಾಟ. ಸಾಕು ಅನ್ನುವ ಹೊತ್ತಿಗೆ ನಾದಿನಿ ಕಾಲು ಕುಟ್ಟಿದಳು. ಮತ್ತೆ ಕುಟ್ಟಿದಳು. ಅತ್ತಿಗೆ ಇನ್ನೂ ದೂರ ಹೋದಳು. ಹಿಂಬಾಲಿಸಿ ಹಿಂಬಾಲಿಸಿ ನಾದಿನಿಯ ಮಣಿಕಟ್ಟು ಸೋಲುತ್ತಿತ್ತು. ಪರದೆಯ ಪಕ್ಕ ವ್ಯವಸ್ಥಾಪಕರು ಗಡಿಯಾರ ನೋಡಿಕೊಂಡರು. ಪಿಯಾನೊ ಸಣ್ಣಗಾಗುತ್ತ ಆಗುತ್ತ ಕೊನೆಗೆ ಒಂದೇ ಬೆರಳಿನಲ್ಲಿ ಒಂದೇ ಸ್ವರವಾಯಿತು. ಅದೇ ಸ್ವರ, ಮತ್ತೆ ಅದೇ.

“ಅತ್ತಿಗೆ.”

ಅಂದುಕೊಂಡದ್ದಕ್ಕಿಂತ ಜೋರಾಗಿ ಬಂದುಬಿಟ್ಟಿತು. ಮೂರನೆಯ ಸಾಲಿನವರೆಗೂ ಕೇಳಿಸಿ ಯಾರೋ ನಕ್ಕರು. ಅಷ್ಟರಲ್ಲಿ ಅತ್ತಿಗೆಯ ಎರಡೂ ಕೈ ದೋಣಿ ಹಾಡಿನ ಮೇಲಿದ್ದವು.

ಚಪ್ಪಾಳೆ ಮುಗಿದು ಒಳಕೋಣೆಗೆ ಬಂದ ಮೇಲೆ ನಾದಿನಿ ಸೆಲ್ಲೊವನ್ನು ಗೋಡೆಗೆ ಒರಗಿಸಿದಳು.

“ಕಾಲು ಕುಟ್ಟಿದ್ದು ಕೇಳಿಸ್ಲಿಲ್ವಾ ನಿಮ್ಗೆ?”

“ಕೇಳಿಸ್ತು. ಮಧ್ಯಾಹ್ನಾನೂ ಕೇಳಿಸ್ತು. ಕುದುರೆ ಥರ ಕುಟ್ತಾ ಇದ್ರೆ ಕೇಳಿಸ್ದೆ ಇರುತ್ತಾ?”

“ಮತ್ತೆ?”

ಅತ್ತಿಗೆ ಹಾಳೆಗಳನ್ನು ಜೋಡಿಸಿ ಚೀಲಕ್ಕೆ ಸೇರಿಸಿದಳು. “ನಾನು ಸಹಿ ಹಾಕಿ ಕೊಟ್ಟಿದ್ದು ನಿಮ್ಮಣ್ಣಂಗೆ ಕಣೆ. ನಿಂಗೇನೂ ಬರ್ಕೊಟ್ಟಿಲ್ವಲ್ಲ.”

ನಾದಿನಿ ಕಮಾನನ್ನು ಸುಮ್ಮನೆ ಆ ಕೈಯಿಂದ ಈ ಕೈಗೆ ಬದಲಿಸಿದಳು. ಅದಕ್ಕೆ ಬಿಗಿದ ಕುದುರೆಕೂದಲಿನ ಒಂದು ಎಳೆ ಕಿತ್ತು ಜೋತಾಡುತ್ತಿತ್ತು. ಅತ್ತಿಗೆ ಕಮಾನು ಇಸಕೊಂಡು, ಗುಂಡಿ ಹೊಲಿದ ಮೇಲೆ ದಾರ ಕಡಿಯುವಂತೆ, ಆ ಕೂದಲನ್ನು ಹಲ್ಲಿನಿಂದ ಕಡಿದು ವಾಪಸು ಕೊಟ್ಟಳು. ಅವಳ ತುಟಿಯ ಮೇಲೆ ರಾಳದ ಬಿಳಿಯ ಪುಡಿ ಹತ್ತಿಕೊಂಡಿತ್ತು.