ಅತ್ತೆ ತಿಕ್ಕಿ ತೊಳೆದ ಹಾಳೆ

ನಮ್ಮ ಅತ್ತೆಗೆ ಕೊಳೆ ಕಂಡರೆ ಆಗುವುದಿಲ್ಲ. ನೀರಿನಲ್ಲಿ ಕಪ್ಪೆಚಿಪ್ಪು ಬೆಳೆಸುವುದು ನಮ್ಮ ಕಸುಬು. ಅದಕ್ಕೆ ಇಳಿಬಿಟ್ಟ ಹಗ್ಗಗಳನ್ನೂ ದೋಣಿಯಲ್ಲಿ ಕೂತು ಬ್ರಷ್ಷಿನಿಂದ ಉಜ್ಜುವ ಹೆಂಗಸು ಅವರು. ನೀರಿನ ಪರೀಕ್ಷೆಗೆಂದು ಲ್ಯಾಬಿನಿಂದ ಬರುವ ಹುಡುಗಿ ಹಗ್ಗಕ್ಕೆ ಕಟ್ಟಿಹೋಗಿದ್ದ ಪುಟ್ಟ ಪ್ಲಾಸ್ಟಿಕ್ ಹಾಳೆಗೆ ಲೋಳೆ ಹಿಡಿದಿತ್ತು. ಅತ್ತೆ ಸುಮ್ಮನಿರುತ್ತಾರೆಯೇ? ಸೋಪು ಹಚ್ಚಿ ತಿಕ್ಕಿ, ಮತ್ತೆ ಕಟ್ಟಿಬಂದರು.

ಹಾಳೆ ಒಯ್ಯಲು ಬಂದ ಹುಡುಗಿ ನಮ್ಮ ಅಡುಗೆಮನೆಯಲ್ಲೇ ತಲೆ ಮೇಲೆ ಕೈಹೊತ್ತು ಕೂತಳು.

"ಅಯ್ಯೋ ಅಮ್ಮಾ, ತೊಳೆದುಬಿಟ್ರಾ?"

"ಮತ್ತೆ? ನೀನಂತೂ ತೊಳೆಯಲ್ಲ!"

"ಅದರ ಮೈತುಂಬ ಕಣ್ಣಿಗೆ ಕಾಣದ ತೂತುಗಳಿವೆ. ನೀರಲ್ಲಿರೋ ಪಾಚಿ ವಿಷ ಚೂರುಚೂರೇ ಅದರೊಳಗೆ ಸೇರ್ಕೊಳ್ಳುತ್ತೆ. ಲ್ಯಾಬಲ್ಲಿ ಅದನ್ನ ಹೊರಗೆ ತೆಗೆದು ಅಳೀತೀವಿ. ಈಗ ಏನಂತ ಅಳೀಲಿ?"

ಅತ್ತೆ ನಕ್ಕರು. "ವಿಷವಂತೆ! ಹೋದ ವಾರ ಪಾಚಿ ಬಂದು ನೀರು ಕೆಂಪಾಗಿತ್ತು, ನಿಜ. ಈಗ ತಿಳಿಯಾಗಿದೆಯಲ್ಲ. ಬಸುರಿ ಸೊಸೆ ಬಾಯಿಬಿಟ್ಟು ಕಪ್ಪೆಚಿಪ್ಪು ಕೇಳಿದ್ದಾಳೆ. ಚೆನ್ನಾಗಿ ಕುದಿಸಿ ಹಾಕ್ತೀನಿ."

"ಬೆಳ್ಳಗಿರೋದೆಲ್ಲ ಹಾಲಲ್ಲಮ್ಮ. ನೀರು ತಿಳಿಯಾದ್ರೂ ಚಿಪ್ಪಿನ ಮಾಂಸದಲ್ಲಿ ವಿಷ ಉಳಿದಿರಬಹುದು. ಕುದಿಸಿದ್ರೂ ಹೋಗಲ್ಲ, ರುಚೀಲೂ ಗೊತ್ತಾಗಲ್ಲ. ತುಟಿ ಜುಮ್ಮೆನ್ನುತ್ತೆ, ಕೈಕಾಲು ಮರಗಟ್ಟುತ್ತೆ, ಉಸಿರೇ ನಿಲ್ಲಬಹುದು. ಇವರದು ಎರಡು ಜೀವ."

ಒಲೆಯ ಮೇಲೆ ನೀರು ಕುದಿಯುತ್ತಿತ್ತು. ಅತ್ತೆ ನನ್ನ ಹೊಟ್ಟೆಯ ಕಡೆ ನೋಡಿದರು. ಒಲೆ ಆರಿಸಿದರು.

ಹುಡುಗಿ ಹೊಸ ಹಾಳೆ ಕಟ್ಟಿ, ಒಂದಿಷ್ಟು ಚಿಪ್ಪನ್ನೂ ಪರೀಕ್ಷೆಗೆ ಒಯ್ದಳು. ಆಮೇಲೆ ಫೋನ್ ಬಂತು: ಮಾಂಸದಲ್ಲಿ ವಿಷವಿದೆ, ತಿನ್ನಬೇಡಿ, ಮಾರಬೇಡಿ.

"ನನ್ನ ಕೈಯಾರೆ ಬಡಿಸ್ತಿದ್ನಲ್ಲೇ!" ಅತ್ತೆ ನನ್ನನ್ನು ತಬ್ಬಿಕೊಂಡು ಅತ್ತರು. ಅವರ ಕಣ್ಣೊರೆಸಿ ಕೇಳಿದೆ, "ನಿಂಬೆಹಣ್ಣಾದ್ರೂ ತಿನ್ಲಾ ಅತ್ತೆ, ಅದನ್ನೂ ಲ್ಯಾಬಿಗೆ ಕಳಿಸ್ತೀರಾ?"

ಈಗ ಯಾವ ದೋಣಿ ನಮ್ಮ ಹಗ್ಗದ ಬಳಿ ಸುಳಿದರೂ ದಡದಿಂದಲೇ ಅತ್ತೆಯ ಕೂಗು: "ಹಾಳೆ ಮುಟ್ಟೀರಿ ಜೋಕೆ! ಅದು ಕೊಳೆಯಾಗೇ ಇರ್ಲಿ!"

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಹಗ್ಗದಲ್ಲೂ ಇಂಥ ಹಾಳೆ ಇದ್ದರೆ ತೊಳೆಯಬೇಡಿ, ಬಿಚ್ಚಬೇಡಿ. ನೀರಿನ ಬಣ್ಣ ನಂಬಿ ಚಿಪ್ಪು ಕೀಳಬೇಡಿ, ಪರೀಕ್ಷೆಯವರು ಸರಿ ಎನ್ನುವ ತನಕ ಕಾಯಿರಿ. ತಿಂದ ಮೇಲೆ ತುಟಿ ಜುಮ್ಮೆಂದರೆ ತಡಮಾಡದೆ ಆಸ್ಪತ್ರೆಗೆ ಓಡಿ. ನನ್ನ ಮಗಳು ಈಗ ತೊಟ್ಟಿಲಲ್ಲಿ ಕೈಕಾಲು ಬಡಿಯುತ್ತಿದ್ದಾಳೆ. ಆವತ್ತು ಅತ್ತೆ ಒಲೆ ಆರಿಸಿದ್ದರಿಂದ ಇಷ್ಟು ಹೇಳಲು ನಾನಿದ್ದೇನೆ.