ಅಂಗಾತ

"ತೆಗೀರಿ ಅದನ್ನ. ನಿಮ್ಮ ಮಗು ಹೋಯ್ತು," ಎಂದರು ಮೇಡಂ.

ತರಬೇತಿ ಕೋಣೆಯಲ್ಲಿ ಹನ್ನೆರಡು ಚಾಪೆ, ಹನ್ನೆರಡು ರಬ್ಬರ್ ಗೊಂಬೆ. ಮೂರು ತಿಂಗಳ ಕೂಸಿನ ತೂಕ ಬರಲೆಂದು ಗೊಂಬೆಗಳ ಹೊಟ್ಟೆಗೆ ಮರಳು ತುಂಬಿದ್ದರು. ಹನ್ನೊಂದು ಗೊಂಬೆಗಳು ಸೂರು ನೋಡುತ್ತಾ ಮಲಗಿದ್ದವು. ದೊಡ್ಡಕ್ಕನದು ಮಾತ್ರ ಬೋರಲಾಗಿತ್ತು. ಅವಳ ಅಂಗೈ ಇನ್ನೂ ಅದರ ಬೆನ್ನು ತಟ್ಟುತ್ತಿತ್ತು.

ಉಳಿದವರೆಲ್ಲ ಇಪ್ಪತ್ತರ ಆಸುಪಾಸಿನ ಹುಡುಗಿಯರು, ಅವಳಿಗೆ ನಲವತ್ತಮೂರು. ಅದಕ್ಕೇ ದೊಡ್ಡಕ್ಕ. ಶಿಶುವಿಹಾರದಲ್ಲಿ ಎಂಟು ವರ್ಷ ದುಡಿದಿದ್ದಳು, ಅದೂ ನಡೆದಾಡುವ ಮಕ್ಕಳ ಕೋಣೆಯಲ್ಲಿ. ಮೂಗು ಒರೆಸುವುದು, ಜಗಳ ಬಿಡಿಸುವುದು, ಹಟ ಹಿಡಿದವನಿಗೆ ಕಥೆ ಹೇಳಿ ಉಣಿಸುವುದು, ಇವನ್ನೆಲ್ಲ ಅವಳಿಗೆ ಯಾರೂ ಕಲಿಸಬೇಕಿರಲಿಲ್ಲ. ಕೂಸುಗಳ ಕೋಣೆಗೆ ಕಳಿಸುತ್ತೇವೆ ಎಂದಾಗಲೆಲ್ಲ ಏನಾದರೊಂದು ನೆಪ ಹೇಳಿ ತಪ್ಪಿಸಿಕೊಳ್ಳುತ್ತಿದ್ದಳು. ಈಗ ನೆಪ ನಡೆಯುವಂತಿರಲಿಲ್ಲ. ಪ್ರಮಾಣಪತ್ರ ಇಲ್ಲದವರು ಯಾವ ಮಗುವನ್ನೂ ಮುಟ್ಟಬಾರದೆಂದು ನಿಯಮ ಬಂದಿತ್ತು. ಮೂರು ತಿಂಗಳ ತರಬೇತಿಯಲ್ಲಿ ಕೂಸು ಮಲಗಿಸುವ ಈ ಪಾಠವೇ ಕೊನೆಯದು, ನಾಳೆ ಪರೀಕ್ಷೆ. ಪಾಸಾಗದಿದ್ದರೆ ಮಕ್ಕಳ ಜೊತೆಗಿನ ಬದುಕು ಅಲ್ಲಿಗೇ ಮುಗಿಯಿತು.

"ದೊಡ್ಡಕ್ಕ, ಮಗೂನ ಬಾಣಲೇಲಿ ಮೀನು ಮಗುಚಿದ ಹಾಗೆ ಮಗುಚಿದ್ದೀರಲ್ಲ," ಎಂದಳು ಪಕ್ಕದ ಚಾಪೆಯ ಗಿಡ್ಡಿ. ಎಲ್ಲರೂ ನಕ್ಕರು.

"ಆಮೇಲೆ ನಗಿ," ಎಂದರು ಮೇಡಂ. "ಬೋರಲು ಮಲಗಿದ ಕೂಸಿಗೆ ಕತ್ತು ತಿರುಗಿಸಿಕೊಳ್ಳೋ ಶಕ್ತಿ ಇರಲ್ಲ. ಉಸಿರು ಕಟ್ಟಿ ಹೋಗಿಬಿಡಬಹುದು. ಅಳೋದೂ ಇಲ್ಲ. ಚೆನ್ನಾಗಿ ನಿದ್ದೆ ಮಾಡ್ತಿದೆ ಅಂತ ನಾವು ಅಂದುಕೊಂಡಿರ್ತೀವಿ. ಪ್ರತಿ ಸಲವೂ ಅಂಗಾತ. ಬರ್ಕೊಳ್ಳಿ."

ಪೆನ್ನುಗಳು ಓಡಿದವು. ದೊಡ್ಡಕ್ಕ ಬರೆದುಕೊಳ್ಳದೆ ಎದ್ದು ನಿಂತಳು.

"ಹೊಟ್ಟೆನೋವಿಗೆ ಅಳ್ತಿದ್ರೆ, ಮೇಡಂ?"

"ಎತ್ಕೊಳ್ಳಿ, ಭುಜಕ್ಕೆ ಹಾಕ್ಕೊಂಡು ತಟ್ಟಿ. ಮಲಗಿಸೋವಾಗ ಅಂಗಾತ."

"ಹಿಂದೆ ಎಲ್ಲರೂ ಬೋರಲೇ ಮಲಗಿಸ್ತಿದ್ರಲ್ಲ."

"ಮಲಗಿಸ್ತಿದ್ರು. ಬಹಳಷ್ಟು ಮಕ್ಕಳು ಎದ್ದವು. ಕೆಲವು ಏಳಲಿಲ್ಲ. ಯಾಕೆ ಅಂತ ಆಗ ಯಾರಿಗೂ ಗೊತ್ತಿರಲಿಲ್ಲ." ಮೇಡಂ ಕೆಟ್ಟವರಲ್ಲ. ದಿನಕ್ಕೆ ಮೂರು ತಂಡಕ್ಕೆ ಇದೇ ಮಾತು ಹೇಳಿ ಹೇಳಿ ಅವರ ನಾಲಿಗೆ ಮರಗಟ್ಟಿತ್ತು, ಅಷ್ಟೇ. "ಕೂತ್ಕೊಳ್ಳಿ. ನಾಳೆ ಇದನ್ನೇ ಮಾಡಿಸಿ ನೋಡ್ತಾರೆ."

ದೊಡ್ಡಕ್ಕ ಕೂರಲಿಲ್ಲ. ಚೀಲ ಹೆಗಲಿಗೆ ಹಾಕಿಕೊಂಡು ಹೊರಗೆ ನಡೆದಳು. ಗೊಂಬೆಯನ್ನು ಯಾರು ತಿರುಗಿಸಿದರೋ ಅವಳು ನೋಡಲಿಲ್ಲ.

ಆಗ ಅವಳಿಗೆ ಹತ್ತು ವರ್ಷ, ತಮ್ಮನಿಗೆ ಮೂರು ತಿಂಗಳು. ಅಪ್ಪ ಎನ್ನುವವನು ಎಲ್ಲಿದ್ದನೋ ಯಾರಿಗೂ ಗೊತ್ತಿರಲಿಲ್ಲ. ಅಮ್ಮ ಬಟ್ಟೆ ಕಾರ್ಖಾನೆಗೆ ಹೋಗುತ್ತಿದ್ದಳು. ಎಂಟಕ್ಕೆ ಹೆಂಗಸರನ್ನು ಒಳಗೆ ಹಾಕಿಕೊಂಡು ಗೇಟು ಮುಚ್ಚಿದರೆ ಮತ್ತೆ ತೆಗೆಯುತ್ತಿದ್ದದ್ದು ಐದಕ್ಕೆ. ಹತ್ತು ವರ್ಷದ ಹುಡುಗಿಯ ಕೈಗೆ ಕೂಸು ಕೊಟ್ಟು ಹೋಗುವುದು ಯಾವ ತಾಯಿಗೂ ಇಷ್ಟದ ಕೆಲಸವಲ್ಲ, ಹೊಟ್ಟೆ ಕೇಳಬೇಕಲ್ಲ. ಆ ಮಧ್ಯಾಹ್ನ ಕೂಸು ಕಾಲು ಮಡಚಿ ಮಡಚಿ ಅತ್ತಿತು. ಅವಳು ಬೋರಲು ಹಾಕಿ ಬೆನ್ನು ತಟ್ಟಿದಳು. ಅಳು ನಿಂತಿತು. ತಾನು ಗೆದ್ದೆ ಎಂಬ ಹಿಗ್ಗಿನಲ್ಲಿ ಹೊಸ್ತಿಲಿನಾಚೆ ಕೂತು ಕಲ್ಲಾಟ ಆಡಿದಳು. ಸಂಜೆ ಅಮ್ಮನೇ ಬಂದು ಎತ್ತಿಕೊಂಡದ್ದು.

ಕೆಲವು ಸಲ ಹೀಗಾಗುತ್ತೆ, ಯಾರ ತಪ್ಪೂ ಅಲ್ಲ ಎಂದಿದ್ದರು ಡಾಕ್ಟರು. ಆ ಮಾತನ್ನು ಹಿಡಿದುಕೊಂಡು ಅವಳು ಮೂವತ್ತಮೂರು ವರ್ಷ ಬದುಕಿದ್ದಳು.

ಮನೆಯಲ್ಲಿ ಅಮ್ಮ ಮಂಚದ ತುಂಬ ಒಗೆದ ಬಟ್ಟೆ ಹರವಿಕೊಂಡು ಮಡಚುತ್ತಿದ್ದಳು.

"ಏನೇ, ಇಷ್ಟು ಬೇಗ? ಮೇಷ್ಟ್ರಮ್ಮ ಓಡಿಸಿದ್ಲಾ?"

"ನಾಳೆ ಪರೀಕ್ಷೆಗೆ ಹೋಗಲ್ಲ."

"ಹೋಗಲ್ಲ ಅಂದ್ರೆ? ಮೂರು ತಿಂಗಳು ಬೆಳಿಗ್ಗೆ ಬೆಳಿಗ್ಗೆ ಎದ್ದು ನನ್ನ ನಿದ್ದೆ ಕೆಡಿಸಿದ್ದು ಯಾವ ಸುಖಕ್ಕೆ?"

ದೊಡ್ಡಕ್ಕ ಗೋಡೆಗೊರಗಿ ನೆಲಕ್ಕೆ ಕೂತಳು. "ಕೂಸುಗಳನ್ನ ಬೋರಲು ಮಲಗಿಸಬಾರದಂತೆ ಅಮ್ಮ. ಉಸಿರು ಕಟ್ಟುತ್ತಂತೆ."

ಅಮ್ಮನ ಕೈ ನಿಂತಿತು.

"ಗೊತ್ತು."

"ಯಾವಾಗಿಂದ?"

"ಸೂಜಿ ಹಾಕೋ ನರ್ಸಮ್ಮ ಪಕ್ಕದ ಮನೆ ಬಾಣಂತಿಗೆ ಹೇಳ್ತಿದ್ಲು. ಇಪ್ಪತ್ತು ವರ್ಷ ಆಗಿರಬೇಕು."

"ನಂಗ್ಯಾಕೆ ಹೇಳಲಿಲ್ಲ?"

ಅಮ್ಮ ಅಂಗಿಯ ತೋಳು ನೇರ ಮಾಡಿದಳು. "ನೀನು ಅಂಗಾತಾನೇ ಮಲಗಿಸಿದ್ದೆ. ನಾನು ಮಧ್ಯಾಹ್ನ ಬಂದೆ. ಅವನು ಕೊಸರಾಡ್ತಿದ್ದ. ಬೋರಲು ಹಾಕಿ ತಟ್ಟಿ ಹೋದೆ." ಮಾತು ಎಲ್ಲೂ ತಡವರಿಸಲಿಲ್ಲ. ಎಷ್ಟೋ ಸಲ ಒಳಗೊಳಗೇ ಹೇಳಿಕೊಂಡು ನಯವಾದ ಮಾತಿನಂತಿತ್ತು.

"ಗೇಟು ಮುಚ್ಚಿರುತ್ತಲ್ಲ."

"ಎದೆಹಾಲು ಸೋರಿ ಬಟ್ಟೆಯೆಲ್ಲ ಒದ್ದೆಯಾಗಿತ್ತು. ಗೇಟಿನವನು ನೋಡಲಾರದೆ ಬಿಟ್ಟ."

"ನಾನು ಹೊಸ್ತಿಲಲ್ಲೇ ಕೂತಿದ್ದೆ. ನೀನು ಬಂದಿದ್ದು ಕಾಣಲಿಲ್ಲ."

"ಹಿಂದಿನ ಬಾಗಿಲಿಂದ ಬಂದೆ."

ಆ ಒಂದು ಕೋಣೆಯ ಮನೆಗೆ ಇದ್ದದ್ದು ಒಂದೇ ಬಾಗಿಲು.

ದೊಡ್ಡಕ್ಕ ಅಮ್ಮನ ಮುಖ ನೋಡಿದಳು. ಎಪ್ಪತ್ತು ದಾಟಿದ ಮುಖ, ದವಡೆ ಬಿಗಿದುಕೊಂಡಿತ್ತು. ‘ಹೌದಾ, ಹಾಗಾದರೆ ನೀನೇ’ ಎಂದು ತಾನು ಅಂದುಬಿಟ್ಟರೆ ಸಾಕು, ಅಲ್ಲಿಗೆ ಮುಗಿಯಿತು. ಅದಕ್ಕಾಗಿಯೇ ಅಮ್ಮ ಕಾಯುತ್ತಿದ್ದಾಳೆ ಎಂದೂ ತಿಳಿಯಿತು. ಅಂಗೈಯಲ್ಲಿ ಆ ಪುಟ್ಟ ಬೆನ್ನಿನ ಬಿಸಿ ಹಾಗೇ ಇತ್ತು.

"ಅಮ್ಮ, ಅವತ್ತು ನಾನು..."

"ಬಾಯಿ ಮುಚ್ಚು." ಅಮ್ಮ ಸಿಟ್ಟಿನಲ್ಲೇ ಹೇಳಿದಳು. "ಅವನು ನನ್ನ ಮಗ. ನನ್ನ ಕೈಯಲ್ಲಿ ಹೋದ. ಮಧ್ಯೆ ನಿಂದೇನು?"

ಬೀದಿಯಲ್ಲಿ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು.

"ನಾಳೆ ಎಷ್ಟು ಹೊತ್ತಿಗೆ?" ಅಮ್ಮ ಕೇಳಿದಳು.

ದೊಡ್ಡಕ್ಕ ಮುಖ ಒರೆಸಿಕೊಂಡಳು. "ಹತ್ತಕ್ಕೆ."

"ಒಂಬತ್ತಕ್ಕೇ ಹೊರಡು. ಏಳು ಈಗ, ಈ ದೊಡ್ಡ ಹೊದಿಕೆ ನನ್ನೊಬ್ಬಳ ಕೈಲಾಗಲ್ಲ."

ದೊಡ್ಡಕ್ಕ ಎದ್ದು ಎರಡು ತುದಿ ಹಿಡಿದಳು, ಅಮ್ಮ ಇನ್ನೆರಡು. ಹಿಂದೆ ಸರಿದು ಎಳೆದು ಬಿಗಿ ಮಾಡಿದರು. ಮತ್ತೆ ಒಬ್ಬರ ಕಡೆಗೊಬ್ಬರು ನಡೆದು ಬಂದರು. ನಾಲ್ಕು ಕೈಗಳು ಕೂಡಿದಾಗ ಅಮ್ಮ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಎರಡೂ ತುದಿಗಳನ್ನು ತನ್ನ ಕೈಗೆ ತೆಗೆದುಕೊಂಡಳು.